ಶೀಗಿ ಹುಣ್ಣಿವಿಗೆ ಹೊಲವೇ ಊಟದ ಮನೆ

ಹಬ್ಬದ ಊಟಕ್ಕೆ ಟೇಬಲ್ ಹೇಗೆ ಸಿಂಗರಿಸೋದು ಅಂತ ಮೊಬೈಲಿನಲ್ಲಿ ಹುಡುಕಿ ನೋಡಿ. ಮೇಣದಬತ್ತಿ, ರಿಬ್ಬನ್, ಪ್ಲಾಸ್ಟಿಕ್ ಹೂವು ಸಾಲುಸಾಲಾಗಿ ಬರುತ್ತವೆ. ನಮ್ಮ ಕಡೆ ವರ್ಷಕ್ಕೊಮ್ಮೆ ಟೇಬಲ್ಲೇ ಇಲ್ಲದ ಒಂದು ಹಬ್ಬದ ಊಟ ಇದೆ. ಅದರ ಸಿಂಗಾರಕ್ಕೆ ಅಂಗಡಿಯಿಂದ ತರುವುದು ಸ್ವಲ್ಪ ಸುಣ್ಣ, ರಂಗೋಲಿ ಪುಡಿ, ಕುಂಕುಮ, ಹಸಿರು ಬಳೆ, ಕುಬಸದ ಕಣ ಅಷ್ಟೇ. ಉಳಿದದ್ದೆಲ್ಲ ಹೊಲದಲ್ಲೇ ಸಿಗುತ್ತದೆ. ಅದೇ ಶೀಗಿ ಹುಣ್ಣಿವಿ.

ನಮ್ಮದು ತೊರಗಲ್ ಸೀಮೆ. ತೊರಗಲ್ ಈಗ ರಾಮದುರ್ಗ ತಾಲೂಕಿನ ಒಂದು ಊರು. ಹಳೆಯ ಕೋಟೆ, ಭೂತನಾಥನ ಗುಡಿ ಇವೆ. ಶಾಸನಗಳ ಕಾಲದಲ್ಲಿ ಇದು ‘ತೊರಗಲೆ 6000’ ಎಂಬ ದೊಡ್ಡ ನಾಡು. ಅಕ್ಟೋಬರಿನಲ್ಲಿ ಬೈಲಹೊಂಗಲದಿಂದ ಸವದತ್ತಿ ದಾಟಿ ರಾಮದುರ್ಗದ ಕಡೆ ಬಸ್ಸಿನಲ್ಲಿ ಹೊರಟರೆ ಕಿಟಕಿಯಾಚೆ ಕಪ್ಪು ಎರಿ ಹೊಲ. ಒಂದು ಕಡೆ ಹತ್ತಿ ಹೂ ಬಿಟ್ಟಿರುತ್ತದೆ, ಇನ್ನೊಂದು ಕಡೆ ಗುರೆಳ್ಳು ಹಳದಿಯಾಗಿ ಅರಳಿರುತ್ತದೆ, ಹಿಂಗಾರಿ ಜೋಳ ಆಗಷ್ಟೇ ಎದ್ದಿರುತ್ತದೆ.

ಪೈರು ಹೊತ್ತ ಭೂಮಿ ಬಸುರಿ ಅಂತ ನಮ್ಮಲ್ಲಿ ಲೆಕ್ಕ. ಬಸುರಿಗೆ ಬಯಕೆ ಊಟ ಬೇಕಲ್ಲ? ಆಶ್ವಯುಜ ಹುಣ್ಣಿಮೆಗೆ ಹೊಲಕ್ಕೇ ಬುತ್ತಿ ಒಯ್ದು ಬಡಿಸುತ್ತೇವೆ. ಮಲೆನಾಡಿನವರು ಇದನ್ನೇ ಭೂಮಿ ಹುಣ್ಣಿಮೆ ಅನ್ನುತ್ತಾರೆ. ಅಲ್ಲಿ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಚಿತ್ತಾರ ಬರೆಯುತ್ತಾರೆ; ಅದು ಭೂಮಣ್ಣಿ ಬುಟ್ಟಿ. ನಮ್ಮ ಮನೆಯಲ್ಲಿ ಬುಟ್ಟಿ ಸಾದಾ. ಸಿಂಗಾರವೆಲ್ಲ ನೆಲಕ್ಕೆ.

ಸಿಂಗಾರ ಹೀಗೆ

ಮೊದಲು ಬನ್ನಿ ಗಿಡದ ಬುಡ ಕಸಬರಿಗೆಯಿಂದ ಗುಡಿಸಿ ನೀರು ಚಿಮುಕಿಸಬೇಕು. ಐದು ಕಲ್ಲು ಆರಿಸಿ ತೊಳೆದು ಸುಣ್ಣ ಹಚ್ಚಿ ಕುಂಕುಮ ಇಟ್ಟರೆ ಅವರೇ ಪಾಂಡವರು. ಅವರ ಹಿಂದೆ ಇನ್ನೊಂದು ಕಲ್ಲು, ಅದು ಕರ್ಣ. ಮುಂದೆ ಹಸಿರು ಬಳೆ, ಕುಬಸದ ಕಣ, ಚೆಂಡುಹೂವು.

ಆಮೇಲೆ ನಮ್ಮ ಪಂಕ್ತಿ. ಬಾಳೆಲೆ ನಮ್ಮ ಒಣ ಸೀಮೆಯಲ್ಲಿ ದುಬಾರಿ. ಮುತ್ತಲ ಎಲೆಗೆ ಸಣ್ಣ ಕಡ್ಡಿ ಚುಚ್ಚಿ ಮಾಡಿದ ಪತ್ರಾವಳಿಯೇ ತಟ್ಟೆ. ಪ್ರತಿ ಪತ್ರಾವಳಿ ಸುತ್ತ ಒಂದೆಳೆ ರಂಗೋಲಿ, ಎರಡರ ನಡುವೆ ಒಂದು ಹಿಡಿ ಗುರೆಳ್ಳು ಹೂ. ಉಳಿದ ಬಣ್ಣ ಊಟವೇ ತರುತ್ತದೆ: ಹಸಿರು ಪುಂಡಿಪಲ್ಯ, ಕರಿ ಗುರೆಳ್ಳು ಹಿಂಡಿ, ಎಣ್ಣೆಗಾಯಿ ಬದನಿಕಾಯಿ, ಬಿಳಿ ಮೊಸರನ್ನ, ಮೇಲೆ ಶೇಂಗಾ ಹೋಳಿಗಿ.

ಆದರೆ ಮೊದಲ ತುತ್ತು ನಮಗಲ್ಲ. ಎಲ್ಲ ಅಡುಗೆಯಿಂದಲೂ ಸ್ವಲ್ಪ ಸ್ವಲ್ಪ ಕಲೆಸಿ ಚರಗ ಮಾಡಿ ಒಬ್ಬರು ಹೊಲದ ತುಂಬ ಚೆಲ್ಲುತ್ತ ಹೋಗುತ್ತಾರೆ, ಇನ್ನೊಬ್ಬರು ಹಿಂದೆ ನೀರು ಹಾಕುತ್ತ ಬರುತ್ತಾರೆ.

ಲಾವಣಿ ಹಾಕಿದ ಹೊಲ

ಕಳೆದ ವರ್ಷ ಈ ಹಬ್ಬ ಮಾಡಬೇಕೋ ಬೇಡವೋ ಅನ್ನುವ ಪ್ರಶ್ನೆ ಬಂತು. ಅಪ್ಪನಿಗೆ ಮೊಣಕಾಲು ನೋವು, ನಾನು ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಮುಂದೆ, ಅಕ್ಕ ಪುಣೆಯಲ್ಲಿ. ನಾಲ್ಕು ಎಕರೆ ಹೊಲ ಲಾವಣಿಗೆ ಕೊಟ್ಟಿದ್ದೆವು.

‘ಬ್ಯಾರೆಯವರ ಪೀಕಿನ್ಯಾಗ ಹೋಗಿ ಕುಂದ್ರೂದು ಛಲೋ ಕಾಣಸ್ತೈತೇನು?’ ಅಂದ ಅಪ್ಪ.

ಆಯಿ, ಅಂದರೆ ನಮ್ಮ ಅಜ್ಜಿ, ಬಿಡಲಿಲ್ಲ. ‘ಪೀಕು ಅವರದು ಖರೆ. ಭೂಮಿತಾಯಿ ಬಯಕಿ ಲಾವಣಿ ಹಾಕಾಕ ಬರತೈತೇನೋ ತಮ್ಮಾ?’

ಸಂಜೆಗೆ ಹೊಲ ಮಾಡುವ ಮನೆಯಿಂದಲೇ ಫೋನ್ ಬಂತು: ‘ಆಯಿ, ನೀವು ಬರದ ಚರಗ ಹೆಂಗ ಚೆಲ್ಲೂದ್ರಿ?’

ರಜೆ ಹಾಕಿ ಹೋದೆ. ಎರಡೂ ಮನೆಯ ಬುಟ್ಟಿ ಒಂದೇ ಗಿಡದ ಕೆಳಗೆ ಇಳಿದವು. ಪತ್ರಾವಳಿಗೆ ಹತ್ತಿ ಹೂ ಇಡೋಣ ಅಂದಳು ಅವರ ಎಂಟನೇ ತರಗತಿಯ ಮಗಳು. ಹತ್ತಿ ಹೂ ಅರಳಿದ ದಿನ ತಿಳಿಬಣ್ಣ, ಮರುದಿನಕ್ಕೆ ಗುಲಾಬಿ, ಆಮೇಲೆ ಬಾಡಿ ಉದುರುತ್ತದೆ; ಗಿಡದಲ್ಲಿ ಕಾಯಿ ಉಳಿಯುತ್ತದೆ. ಅರಳಿದ ಹೂ ಕಿತ್ತರೆ ಒಂದು ಕಾಯಿ ಹೋದಂತೆ. ‘ಉದುರಿದ್ದಷ್ಟ ಆರಸ್ರಿ, ಅವರ ದುಡಿಮಿ ಅದು’ ಅಂದಳು ಆಯಿ. ನಾವಿಬ್ಬರೂ ಸಾಲುಗಳ ನಡುವೆ ಬಗ್ಗಿ ಬಗ್ಗಿ ಗುಲಾಬಿ ಹೂ ಆರಿಸಿದೆವು. ಅಪ್ಪ ಮಾತಾಡದೆ ಪಂಕ್ತಿಯ ತುದಿಗೆ ಹೋಗಿ ಕುಳಿತ. ಹೊಲ ಮಾಡುವವರು ಎದ್ದು ಬಂದು ಅವನ ಪತ್ರಾವಳಿಗೆ ಮೊದಲ ಹೋಳಿಗಿ ಬಡಿಸಿದರು. ಚರಗ ಚೆಲ್ಲಿದ್ದು ಅವರು, ಹಿಂದೆ ನೀರು ಹಾಕಿದ್ದು ನಾನು.

ಊಟ ಮುಗಿದ ಮೇಲೆ ಎಲೆ, ಹೂವು ತಿಪ್ಪೆಗೆ ಹೋದವು. ಬಳೆ, ಕುಬಸದ ಕಣ ಹುಡುಗಿಯ ಕೈಗೆ. ಕಲ್ಲು ಅಲ್ಲೇ ಗಿಡದ ಬುಡದಲ್ಲಿ. ಮನೆಗೆ ವಾಪಸ್ ತರಲು ಖಾಲಿ ಬುಟ್ಟಿ ಬಿಟ್ಟರೆ ಏನೂ ಇರಲಿಲ್ಲ.

ಊರಿಗೆ ಹೋಗಲು ರಜೆ ಸಿಗದವರು ಫ್ಲ್ಯಾಟಿನಲ್ಲೂ ಇದನ್ನು ಮಾಡಬಹುದು. ಒಣ ಪತ್ರಾವಳಿ ಮಾರ್ಕೆಟ್ಟಿನಲ್ಲಿ ಸಿಗುತ್ತದೆ. ಊಟದ ಜಾಗದಲ್ಲಿ ಒಂದೆಳೆ ರಂಗೋಲಿ, ಒಂದು ತಂಬಿಗೆಯಲ್ಲಿ ಚೆಂಡುಹೂವು, ಬಾಲ್ಕನಿಯ ಕುಂಡದ ಪಕ್ಕ ಸುಣ್ಣ ಹಚ್ಚಿದ ಐದು ಕಲ್ಲು ಸಾಕು. ಮೊದಲ ತುತ್ತು ಆ ಕುಂಡದ ಮಣ್ಣಿಗೆ ಹಾಕಿ. ಊರಲ್ಲಿ ಹೊಲ ಇದ್ದರೆ, ಈಗ ಅದನ್ನು ಯಾರೇ ಮಾಡುತ್ತಿರಲಿ, ಹುಣ್ಣಿಮೆಯ ಹಿಂದಿನ ದಿನ ಅವರಿಗೊಂದು ಫೋನ್ ಮಾಡಿ.