ಮುಳ್ಳಿನ ಸೀಮೆಯಲ್ಲಿ ಹಗುರ ಟ್ಯೂಬು

ಗೇರ್ ಸೈಕಲ್ ಕೊಂಡ ಹುಡುಗರ ಬಾಯಲ್ಲಿ ಈಗ ಹಗುರ ಟ್ಯೂಬಿನದೇ ಮಾತು. ರೋಡ್ ಸೈಕಲ್ಲಿನ ಮಾಮೂಲಿ ಬ್ಯೂಟೈಲ್ ಟ್ಯೂಬು 100 ಗ್ರಾಂ ತೂಗಿದರೆ, ಟಿಪಿಯು ಎಂಬ ಪ್ಲಾಸ್ಟಿಕ್ಕಿನ ಹೊಸ ಟ್ಯೂಬು 30–40 ಗ್ರಾಂ ಅಷ್ಟೆ. ಎರಡೂ ಗಾಲಿ ಸೇರಿ ಉಳಿಯುವುದು ಸುಮಾರು 130 ಗ್ರಾಂ. ಸವಾರನೂ ಸೈಕಲ್ಲೂ ಕೂಡಿ 80 ಕೆ.ಜಿ. ಇರುವಾಗ ಅದು ಯಾವ ಲೆಕ್ಕ? ನಿಜವಾದ ಲಾಭ ತೂಕದಲ್ಲಿಲ್ಲ. ತೆಳು ಟ್ಯೂಬು ನೆಲಕ್ಕೆ ತಕ್ಕಂತೆ ಸಲೀಸಾಗಿ ಬಾಗುತ್ತದೆ, ತುಳಿದ ಶಕ್ತಿ ಅದರೊಳಗೆ ಕಡಿಮೆ ಪೋಲಾಗುತ್ತದೆ. ನುಣುಪಾದ ಹೆದ್ದಾರಿಯಲ್ಲಿ ಅದರ ಸುಖವೇ ಬೇರೆ.

ಆದರೆ ನಮ್ಮದು ರಾಯದುರ್ಗ, ಮಡಕಶಿರಾದ ದಾರಿ. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕು, ಆಂಧ್ರ ರಾಜ್ಯವಾದಾಗ ಅನಂತಪುರಕ್ಕೆ ಸೇರಿತು. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಜಿಲ್ಲೆಗಳು ಬದಲಾದವು, ಕರ್ನಾಟಕ–ಆಂಧ್ರ ಗಡಿಯ ಎರಡೂ ಮಗ್ಗುಲಿನ ಬಳ್ಳಾರಿ ಜಾಲಿ ಮಾತ್ರ ಕದಲಲಿಲ್ಲ. ಅಮೆರಿಕ ಖಂಡದಿಂದ ಬಂದ ಈ ಗಿಡ ಕೆರೆಯಂಗಳ, ಬೀಳು, ರಸ್ತೆಬದಿ ಯಾವುದನ್ನೂ ಬಿಟ್ಟಿಲ್ಲ. ಸೌದೆಗೆ ಕಡಿದು ಸಾಗಿಸುವಾಗ ಉದುರುವ ಮುಳ್ಳೆಲ್ಲ ಟೈರಿನ ಪಾಲು. ಜೊತೆಗೆ ಕಡಲೆಕಾಯಿ ಹೊಲದ ಬದುಗಳಲ್ಲಿ ನೆಲಕ್ಕಂಟಿ ಹಬ್ಬುವ ನೆಗ್ಗಿಲು. ಅದರ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನಿಂತಿರುತ್ತದೆ.

ನಮ್ಮ ಪಂಕ್ಚರ್ ಅಂಗಡಿಯವರ ಕೆಲಸ ನೋಡಬೇಕು. ಟ್ಯೂಬಿಗೆ ಗಾಳಿ ಹೊಡೆದು ನೀರಿಗೆ ಅದ್ದಿ, ಗುಳ್ಳೆ ಎದ್ದ ಜಾಗ ಗುರುತಿಸಿ, ಒರೆಸಿ, ಉಜ್ಜಿ, ಸಲ್ಯೂಷನ್ ಸವರುತ್ತಾರೆ. ಅದು ಒಣಗುವಷ್ಟರಲ್ಲಿ ಟೈರಿನ ಒಳಗೆ ಬೆರಳಾಡಿಸಿ ಮುರಿದು ಉಳಿದ ಮುಳ್ಳಿನ ಮೊನೆ ಹುಡುಕುತ್ತಾರೆ. ಅದನ್ನು ಕೀಳದೆ ಹಾಕಿದ ಪ್ಯಾಚು ದಂಡ. ಇಷ್ಟೆಲ್ಲ ಕೈಚಳಕ ಟಿಪಿಯು ಮುಂದೆ ನಡೆಯುವುದಿಲ್ಲ. ಅದು ರಬ್ಬರಲ್ಲ, ಸಲ್ಯೂಷನ್ ಅದಕ್ಕೆ ಹಿಡಿಯುವುದಿಲ್ಲ, ಬೇರೆಯದೇ ಪ್ಯಾಚು ಬೇಕು. ಟೈರಿನ ಹೊರಗೆ ಗಾಳಿ ಜಾಸ್ತಿ ತುಂಬಿದರಂತೂ ಹಿಗ್ಗಿದ್ದು ಹಿಗ್ಗಿದಂತೆಯೇ ಉಳಿಯುತ್ತದೆ.

ಲ್ಯಾಟೆಕ್ಸ್ ಟ್ಯೂಬು ಇನ್ನೂ ಮೃದು. ಆದರೆ ರಾತ್ರಿ ತುಂಬಿದ ಗಾಳಿ ಬೆಳಗಾಗುವಷ್ಟರಲ್ಲಿ ಇಳಿದಿರುತ್ತದೆ, ದಿನಾ ಪಂಪು ಹಿಡಿಯುವ ತಾಳ್ಮೆ ಇದ್ದವರಿಗೆ ಸರಿ.

ಕ್ಯಾರಿಯರಿಗೆ ಮೂಟೆ ಕಟ್ಟಿ ಸಂತೆಗೆ ಹೋಗುವವರಿಗೆ ನಾನು ಹಗುರ ಟ್ಯೂಬಿನ ಮಾತನ್ನೇ ಎತ್ತುವುದಿಲ್ಲ. ಗೇರ್ ಸೈಕಲ್ಲಿನ ಹುಡುಗರಿಗೆ ಹೇಳುವುದಿಷ್ಟು: ಗಾಲಿಯೊಳಗೆ ದಪ್ಪ ಬ್ಯೂಟೈಲೇ ಇರಲಿ, ಟಿಪಿಯು ಸ್ಪೇರಾಗಿ ಚೀಲದಲ್ಲಿರಲಿ. ಮಡಚಿದರೆ ಹಿಡಿಯೊಳಗೆ ಅಡಗುತ್ತದೆ, ಊರು ದೂರವಿರುವಾಗ ಮನೆ ಸೇರಿಸುತ್ತದೆ. ಪಾನಾ, ಲಿವರುಗಳ ಜೊತೆ ಉಜ್ಜಿ ತೂತಾಗದಂತೆ ಬಟ್ಟೆ ಸುತ್ತಿಡಿ.