ಒಂದೇ ಕಬ್ಬಿಣ, ಮೂರು ಖಾತೆ

ಬೆಂಗಳೂರಲ್ಲಿ ಸೈಟು ಹುಡುಕಿದವರಿಗೆಲ್ಲ ಎ ಖಾತೆ, ಬಿ ಖಾತೆ ಗೊತ್ತೇ ಇರುತ್ತೆ. ಅಕ್ಕಪಕ್ಕದ ಎರಡು ಮನೆ, ಅದೇ ಇಟ್ಟಿಗೆ, ಅದೇ ಸಿಮೆಂಟು. ಒಂದಕ್ಕೆ ಬ್ಯಾಂಕಿನವರು ಕರೆದು ಸಾಲ ಕೊಡ್ತಾರೆ, ಇನ್ನೊಂದಕ್ಕೆ ಹಿಂದೆಮುಂದೆ ನೋಡ್ತಾರೆ. ಅಮೆರಿಕಕ್ಕೆ ಬಂದ ಮೇಲೆ ಇಂಥದ್ದೇ ಖಾತೆ ಪುರಾಣ ನನಗೆ ಸಿಕ್ಕಿದ್ದು ಎಲ್ಲಿ ಗೊತ್ತಾ? ಹಳೇ ಮಿಲಿಟರಿ ಮೆಷಿನ್ ಗನ್ನುಗಳಲ್ಲಿ!

ಗಾಬರಿಯಾಗಬೇಡಿ, ದೀಪಾವಳಿಯ ಪಟಾಕಿ ಪಿಸ್ತೂಲು ಬಿಟ್ಟರೆ ನಾನು ಬೇರೆ ಯಾವ ಬಂದೂಕನ್ನೂ ಮುಟ್ಟಿದವನಲ್ಲ :) ಆಫೀಸಿನಲ್ಲಿ ಪಕ್ಕದ ಸೀಟಿನಾಕೆಯ ಮನೆಯಲ್ಲಿ ಒಂದು ಫಜೀತಿ ಆಯ್ತು. ಅದರಿಂದಾಗಿ ಈ ಕಾನೂನನ್ನೆಲ್ಲ ಕೂತು ಓದಿದೆ.

ಅಮೆರಿಕದಲ್ಲಿ ಬಂದೂಕು ತರಕಾರಿ ಥರ ಸಿಗುತ್ತೆ ಅಂತ ನಾವು ಅಂದುಕೊಂಡಿರ್ತೀವಿ. ಆದರೆ ಟ್ರಿಗರ್ ಒಮ್ಮೆ ಒತ್ತಿದರೆ ಒಂದಕ್ಕಿಂತ ಹೆಚ್ಚು ಗುಂಡು ಹಾರಿಸುವ ಬಂದೂಕಿಗೆ 1934ರಿಂದಲೇ ಬೇರೆ ಕಾನೂನಿದೆ. ಹೆಸರು ನ್ಯಾಷನಲ್ ಫೈರ್‌ಆರ್ಮ್ಸ್ ಆಕ್ಟ್. ಅಂಥ ಬಂದೂಕು ಕೇಂದ್ರ ಸರ್ಕಾರದ ದಾಖಲೆಯಲ್ಲಿ ಇರಬೇಕು, ಕೈ ಬದಲಾದರೆ 200 ಡಾಲರ್ ತೆರಿಗೆ ಕಟ್ಟಬೇಕು. ಆ ಕಾಲಕ್ಕೆ ಒಂದು ಥಾಮ್ಸನ್ ಗನ್ನಿನ ಬೆಲೆಯೇ ಹೆಚ್ಚುಕಡಿಮೆ ಅಷ್ಟಿತ್ತಂತೆ. ಮೆಷಿನ್ ಗನ್ನಿಗೆ ಆ ಇನ್ನೂರು ಇವತ್ತಿಗೂ ಇನ್ನೂರೇ!

1968ರಲ್ಲಿ ಕಾನೂನು ಬಿಗಿಯಾಯ್ತು. ಹೊರದೇಶದಿಂದ ತರಿಸಿದ ಮೆಷಿನ್ ಗನ್ ಜನಸಾಮಾನ್ಯರ ಕೈಗೆ ಹೋಗುವುದು ನಿಂತಿತು. ಅದರ ಜೊತೆಗೇ ಒಂದು ಅಕ್ರಮ-ಸಕ್ರಮವೂ ನಡೆಯಿತು. ನವೆಂಬರ್ 2ರಿಂದ ಡಿಸೆಂಬರ್ 1ರೊಳಗೆ ಬಂದು ಬರೆಸಿ, ಕೇಸೂ ಇಲ್ಲ, ತೆರಿಗೆಯೂ ಇಲ್ಲ ಅಂದರು. ಆಮೇಲೆ 1986ರ ಮೇ 19 ಬಂತು. ಅಂದಿನಿಂದ ಹೊಸ ಮೆಷಿನ್ ಗನ್ ಖಾಸಗಿಯವರ ಹೆಸರಿಗೆ ಏರುವಂತಿಲ್ಲ.

ಹಾಗಾಗಿ ಈಗಿರುವುದು ಮೂರು ಖಾತೆ.

ಮೊದಲನೆಯದು ಟ್ರಾನ್ಸ್‌ಫರಬಲ್. 1986ರ ಆ ದಿನದೊಳಗೆ ದಾಖಲೆಗೆ ಸೇರಿದ್ದು, ರಾಜ್ಯದ ಕಾನೂನು ಒಪ್ಪಿದರೆ ಸಾಮಾನ್ಯ ಸಂಗ್ರಾಹಕರೂ ಕೊಳ್ಳಬಹುದು. ದೇಶದಲ್ಲೆಲ್ಲ ಸೇರಿ ಸುಮಾರು 1.75 ಲಕ್ಷ ಇವೆ. ಹೊಸದು ಸೇರೋದಿಲ್ಲವಾದ್ದರಿಂದ ಬೆಲೆ ಗಗನಕ್ಕೇರಿದೆ. ಎರಡನೇ ಮಹಾಯುದ್ಧದ ಜರ್ಮನ್ ಎಂಪಿ40 ಒಂದಕ್ಕೆ ಇಪ್ಪತ್ತು ಸಾವಿರ ಡಾಲರ್ ಮೇಲೇ.

ಎರಡನೆಯದು ಪ್ರಿ-ಮೇ ಸ್ಯಾಂಪಲ್. 1968ರ ನಂತರ, 1986ರ ಮೇಗೆ ಮುಂಚೆ ಆಮದಾಗಿ ಡೀಲರುಗಳ ಕೈ ಸೇರಿದ್ದು. ಡೀಲರ್ ಅಂಗಡಿ ಮುಚ್ಚಿದರೂ ತಾನೇ ಇಟ್ಟುಕೊಳ್ಳಬಹುದು, ಸಾಮಾನ್ಯ ಗಿರಾಕಿಗೆ ಮಾರುವಂತಿಲ್ಲ.

ಮೂರನೆಯದು ಪೋಸ್ಟ್-ಮೇ ಸ್ಯಾಂಪಲ್. ಪೊಲೀಸ್ ಇಲಾಖೆಗೆ ಪ್ರದರ್ಶಿಸಲು ಅಂತ ಪತ್ರ ತಂದರೆ ಮಾತ್ರ ಡೀಲರಿಗೆ ಸಿಗುತ್ತೆ. ಅಂಗಡಿ ಮುಚ್ಚುವಾಗ ಅದನ್ನೂ ಬಿಡಬೇಕು.

ಇನ್ನು 'ಕ್ಯೂರಿಯೋ ಅಂಡ್ ರೆಲಿಕ್' ಅಂತೊಂದಿದೆ. 50 ವರ್ಷ ದಾಟಿದ ಬಂದೂಕಿಗೆ ಸಿಗುವ ಹಿರಿಯ ನಾಗರಿಕ ಪಟ್ಟ ಅನ್ನಿ. ಸಂಗ್ರಾಹಕರ ಲೈಸೆನ್ಸ್ ಇದ್ದವರು ಬೇರೆ ರಾಜ್ಯದಿಂದ ನೇರವಾಗಿ ತರಿಸಿಕೊಳ್ಳಬಹುದು, ಅಷ್ಟೇ ಅನುಕೂಲ. ಮೆಷಿನ್ ಗನ್ ಎಷ್ಟೇ ಹಳತಾದರೂ ನೋಂದಣಿ ತಪ್ಪೋದಿಲ್ಲ.

ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಖಾಸಗಿ ಮಾಲೀಕರ ಟೇಬಲ್ಲಿಗೆ 1986ರಿಂದ ಇನ್ಸರ್ಟ್ ಬಂದ್. ಅಪ್‌ಡೇಟ್ ಮತ್ತು ಡಿಲೀಟ್ ಮಾತ್ರ.

ಮತ್ತೆ ದಾಖಲೆಯಲ್ಲೇ ಇಲ್ಲದ್ದು? ಅದೇ ನನ್ನ ಸಹೋದ್ಯೋಗಿಯ ಮನೆಯ ಕಥೆ. ಅವಳ ಅಜ್ಜ ಯುರೋಪಿನಲ್ಲಿ ಯುದ್ಧ ಮಾಡಿ ಬಂದವರು. ಅವರು ತೀರಿಕೊಂಡು ಎಷ್ಟೋ ವರ್ಷದ ಮೇಲೆ ಅಜ್ಜಿಯೂ ಹೋದರು. ಮನೆ ಖಾಲಿ ಮಾಡುವಾಗ ನೆಲಮಾಳಿಗೆಯ ಟ್ರಂಕಿನಲ್ಲಿ ಕಂಬಳಿ ಸುತ್ತಿದ ಒಂದು ಎಂಪಿ40 ಸಿಕ್ಕಿತು. ಜೊತೆಗೆ ಸೇನಾಧಿಕಾರಿಯೊಬ್ಬರು ಸಹಿ ಮಾಡಿದ, ಯುದ್ಧದ ನೆನಪಿನ ವಸ್ತು ಮನೆಗೆ ಒಯ್ಯಲು ಅನುಮತಿಯ ಹಳದಿ ಕಾಗದ. ಅವಳ ಅಪ್ಪ ಆ ಕಾಗದ ಹಿಡಿದು, "ಸರ್ಕಾರವೇ ಸಹಿ ಹಾಕಿದೆಯಲ್ಲ" ಅಂದರಂತೆ. ವಕೀಲರು ತಲೆಯಾಡಿಸಿದರು. ಆ ಕಾಗದ ನೋಂದಣಿಯಲ್ಲ. ಸರ್ಕಾರಿ ದಾಖಲೆಯಲ್ಲಿ ಹುಡುಕಿಸಿದರೆ ಅಜ್ಜನ ಹೆಸರೇ ಇರಲಿಲ್ಲ.

ಹೆಸರಿದ್ದಿದ್ದರೆ ವಾರಸುದಾರರಿಗೆ ತೆರಿಗೆಯೂ ಇಲ್ಲದೆ ವರ್ಗವಾಗುತ್ತಿತ್ತು. ಇಲ್ಲದಿದ್ದರೆ ಇಟ್ಟುಕೊಂಡದ್ದೇ ಅಪರಾಧ, ಹತ್ತು ವರ್ಷದವರೆಗೂ ಜೈಲು. ಈಗ ನೋಂದಾಯಿಸೋಣ ಅಂದರೆ ದಾರಿಯೇ ಇಲ್ಲ. ಕೊನೆಗೆ ವಕೀಲರ ಮೂಲಕ ಬಂದೂಕನ್ನು ಒಪ್ಪಿಸಿದರು.

ಅವಳು ಹಣಕ್ಕಾಗಿ ಬೇಜಾರು ಮಾಡಿಕೊಳ್ಳಲಿಲ್ಲ. "1968ರಲ್ಲಿ ಅಜ್ಜ ಬದುಕಿದ್ದರು. ಪೇಪರು ಓದುತ್ತಿದ್ದರು. ಯಾಕೆ ಹೋಗಲಿಲ್ಲ ಅಂತ ಯಾರನ್ನ ಕೇಳಲಿ?" ಅಂದಳು. ಹೆದರಿದರೋ, ಮರೆತರೋ, ಯುದ್ಧದ ಟ್ರಂಕನ್ನೇ ತೆರೆಯಲು ಮನಸ್ಸಾಗಲಿಲ್ಲವೋ... ನನ್ನ ಹತ್ತಿರವೂ ಉತ್ತರವಿರಲಿಲ್ಲ.

ಮೆಷಿನ್ ಗನ್ನಿಗೆ ಇಷ್ಟು ಬಿಗಿ ಬೇಕೇ ಬೇಕು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಬಾಗಿಲು ತೆರೆದಿದ್ದು ಮೂವತ್ತು ದಿನ ಮಾತ್ರ, ಅದೂ ಮೊಮ್ಮಕ್ಕಳು ಹುಟ್ಟುವ ಮೊದಲು. ಅಂದು ಒಬ್ಬರು ಸುಮ್ಮನಿದ್ದದ್ದರ ಲೆಕ್ಕ ಇವತ್ತು ಇನ್ನೊಬ್ಬರು ಕೊಡಬೇಕು.

ನಮ್ಮ ಮನೆಗಳ ಅಟ್ಟದಲ್ಲಿ ಎಂಪಿ40 ಇರಲಿಕ್ಕಿಲ್ಲ. ಆದರೂ ಈ ಸಲ ಊರಿಗೆ ಫೋನ್ ಮಾಡಿದಾಗ, ಆ ಹಳೇ ಟ್ರಂಕಿನಲ್ಲಿ ಏನಿದೆ, ಅದರ ಕಾಗದ ಎಲ್ಲಿದೆ ಅಂತ ಅಜ್ಜನನ್ನ ಕೇಳಿಬಿಡಿ. ಕೇಳಿದಾಗ ಸಿಕ್ಕ ಕಥೆಯನ್ನ ಇಲ್ಲಿ ಬರೆದರೆ ಓದೋಕೆ ನಾನಂತೂ ರೆಡಿ.