ಅನ್ನದ ಪ್ರೀತಿ, ಬೀಗತನದ ಪ್ರೀತಿ

ಗಂಡು-ಹೆಣ್ಣಿನ ಒಲವಿಗಿಂತ ದೀನರ ಮೇಲಿನ ಕರುಣೆ ದೊಡ್ಡದು ಎಂದರೆ ನಮ್ಮಲ್ಲಿ ಎದುರಾಡುವವರು ಕಡಿಮೆ. ಒಂದರಲ್ಲಿ ಪಡೆಯುವ ಆಸೆಯಿದೆ, ಇನ್ನೊಂದರಲ್ಲಿ ಕೊಡುವುದಷ್ಟೇ ಇದೆಯಂತೆ. ವಿಶಾಖಪಟ್ಟಣದ ಪ್ರೇಮ ಸಮಾಜವೆಂಬ ಸೇವಾಸಂಸ್ಥೆಯನ್ನು ನೆನೆದರೆ ಈ ವಾದ ಗೆದ್ದೇಬಿಟ್ಟಿತು ಅನ್ನಿಸುತ್ತದೆ: ಹೆತ್ತವರಿಲ್ಲದ ಮಕ್ಕಳು, ದಿಕ್ಕಿಲ್ಲದ ಮುದುಕರು, ಇವರಿಂದ ಮರಳಿ ಬರುವುದೇನಿದೆ? ಆದರೆ ವಿಜಯವಾಡದ ನಾಸ್ತಿಕ ಕೇಂದ್ರದ ಕಥೆ ಬಲ್ಲವರು ಇದನ್ನು ಅಷ್ಟು ಸಲೀಸಾಗಿ ಒಪ್ಪಲಾರರು. ಗೋರಾ ಮತ್ತು ಸರಸ್ವತಿ ದಂಪತಿ 1940ರಲ್ಲಿ ಮುದುನೂರಿನಲ್ಲಿ ಆರಂಭಿಸಿ, 1947ರಲ್ಲಿ ವಿಜಯವಾಡಕ್ಕೆ ತಂದ ಕೇಂದ್ರ ಅದು. ಬ್ರಾಹ್ಮಣ ಮನೆತನದ ಈ ದಂಪತಿ ಸಹಪಂಕ್ತಿ ಭೋಜನಕ್ಕೇ ನಿಂತಿದ್ದರೂ ದೊಡ್ಡವರೆನಿಸಿಕೊಳ್ಳುತ್ತಿದ್ದರು. ನಿಲ್ಲಲಿಲ್ಲ. ಮಗಳು ಮನೋರಮಾಳನ್ನು ದಲಿತ ಯುವಕ ಅರ್ಜುನರಾವ್‌ಗೆ ಕೊಟ್ಟರು. ಗಾಂಧೀಜಿ ಮುಂದೆ ನಿಂತು ಮಾಡಿಸಬೇಕಿದ್ದ ಆ ಮದುವೆ ಅವರ ಹತ್ಯೆಯ ಬಳಿಕ 1948ರ ಮಾರ್ಚ್‌ನಲ್ಲಿ ಸೇವಾಗ್ರಾಮದಲ್ಲಿ ನಡೆಯಿತು. 1960ರಲ್ಲಿ ಮಗ ಲವಣಂ, ದಲಿತ ಕವಿ ಗುರ್ರಂ ಜಾಷುವಾರ ಮಗಳು ಹೇಮಲತಾರ ಕೈಹಿಡಿದರು.

ಕನ್ನಡಿಗರಿಗೆ ಇದು ಗೊತ್ತಿರುವ ಕಥೆಯೇ. ಬಸವಣ್ಣನ ಕಲ್ಯಾಣದಲ್ಲಿ ದಾಸೋಹಕ್ಕೆ ಬೊಕ್ಕಸದ ಲೆಕ್ಕ ಕೇಳಿದರಷ್ಟೇ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳು ಎಂದಾಗ ತಲೆಯನ್ನೇ ಕೇಳಿದರು. ಸರಸ್ವತಿಯವರಿಗೆ ಕರ್ನಾಟಕ ಬಸವ ಪುರಸ್ಕಾರ ಕೊಟ್ಟಿದ್ದು ಸುಮ್ಮನೆ ಅಲ್ಲ. ಅನ್ನ ಹಾಕುವವನ ಕೈ ಸದಾ ಮೇಲೆ. ಉಂಡವನು ಮರಳಿ ಕರೆದರೆ ಹೋಗಬೇಕೆಂಬ ಕಟ್ಟಳೆಯಿಲ್ಲ. ಬೀಗರಾದ ಮೇಲೆ ಹಾಗೆ ನುಣುಚಿಕೊಳ್ಳಲಾಗದು: ಹಬ್ಬಕ್ಕೆ ಹೋಗಬೇಕು, ಅವರು ಬಡಿಸಿದ್ದನ್ನು ಉಣ್ಣಬೇಕು, ಮೊಮ್ಮಗುವಿನ ಮೂಗು ಯಾರದೆಂದು ಜಗಳವಾಡಬೇಕು.

ಇವು ಸಿದ್ಧಾಂತದ ಮದುವೆಗಳು, ಇಲ್ಲಿ ಒಲವೆಲ್ಲಿ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಲವು ಕುರುಡು ಎನ್ನುತ್ತೇವೆ, ಆದರೆ ನಮ್ಮಲ್ಲಿ ಅದು ಬಹುಪಾಲು ಜಾತಿ ನೋಡಿಕೊಂಡೇ ಕಣ್ಣು ಮುಚ್ಚುತ್ತದೆ. ಸಿದ್ಧಾಂತ ಹಸೆಮಣೆಯವರೆಗೆ ಕರೆತಂದೀತು. 2008ರಲ್ಲಿ ಹೇಮಲತಾ ತೀರಿಕೊಳ್ಳುವವರೆಗೆ ಬಾಳಿದ ಆ ದಾಂಪತ್ಯಕ್ಕೆ, ಸ್ಟುವರ್ಟ್‌ಪುರದಲ್ಲಿ ಅಪರಾಧಿ ಬುಡಕಟ್ಟೆಂಬ ಹಣೆಪಟ್ಟಿ ಹೊತ್ತವರ ನಡುವೆ ಜೊತೆಯಾಗಿ ದುಡಿಯುವುದಕ್ಕೆ, ಅದೊಂದೇ ಸಾಕಾಗಿತ್ತೆ? ಹಸುಗೂಸಿಗೆ, ಹಾಸಿಗೆ ಹಿಡಿದ ಮುದುಕಿಗೆ ಪ್ರತಿಫಲ ಕೇಳದ ಕೈಯೇ ಬೇಕು, ಒಪ್ಪಿದೆ. ಉಳಿದವರಿಗೆ? ಇದೇ ಲವಣಂ-ಹೇಮಲತಾ ದಂಪತಿ ನಿಜಾಮಾಬಾದ್ ಕಡೆ ಜೋಗಿನಿಯರಿಗಾಗಿ ದುಡಿದರು. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ನಿಷೇಧಿಸಿದ ಆಂಧ್ರದ 1988ರ ಕಾಯ್ದೆ, ಹಾಗೆ ಬಿಡಲ್ಪಟ್ಟವಳು ಮಾಡಿಕೊಳ್ಳುವ ಮದುವೆ ಸಿಂಧು ಎಂದೂ ಹೇಳಿತು. ನಮ್ಮ 1982ರ ಕಾಯ್ದೆಯಲ್ಲೂ ಅದೇ ಮಾತಿದೆ. ಅವಳಿಗೆ ಬೇಕಾದದ್ದು ಅನ್ನ, ಬಟ್ಟೆ, ಆಸರೆಯಷ್ಟೇ ಆಗಿದ್ದರೆ ಆ ಕಲಮು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.